ಹರಪನಹಳ್ಳಿಯ ಹೊಸ ವಿಳಾಸ

ಮರದ ಪಜಲ್ ಡಬ್ಬಿಗಳ ಮೇಲೆ ಅಚ್ಚಾಗಿರುವ ‘3+’ ಎಂಬ ಗುರುತಿನಷ್ಟು ತಪ್ಪು ತಿಳಿವಳಿಕೆಗೆ ಗುರಿಯಾದದ್ದು ನಮ್ಮ ಬಂಧುಬಳಗದಲ್ಲಿ ಇನ್ನೊಂದಿಲ್ಲ. ಎರಡು ವರ್ಷದ ಮಗುವಿನ ತಂದೆತಾಯಿಗಳ ಕಣ್ಣಿಗೆ ಅದು ಬಿದ್ದರೆ ಸಾಕು, ಅದನ್ನೊಂದು ಸವಾಲೆಂದೇ ಭಾವಿಸುತ್ತಾರೆ. ‘ನಮ್ಮವಳು ವಯಸ್ಸಿಗೆ ಮೀರಿದ ಚುರುಕು, ಇದನ್ನೇ ಕೊಡಿ’ ಎಂದು ಅಂಗಡಿಯವರಿಗೆ ಹೇಳುವ ದನಿಯಲ್ಲಿ, ಮಗುವಿಗೆ ಡಬಲ್ ಪ್ರಮೋಷನ್ ಸಿಕ್ಕ ಹೆಮ್ಮೆ ತುಂಬಿರುತ್ತದೆ. ಆದರೆ ಬಹುಮಟ್ಟಿಗೆ ಆ ಸಂಖ್ಯೆ ಬುದ್ಧಿಯ ಲೆಕ್ಕವಲ್ಲ, ಗಂಟಲಿನ ಲೆಕ್ಕ. ಆಟಿಕೆಗಳ ಸುರಕ್ಷತೆಯನ್ನು ಪರೀಕ್ಷಿಸುವವರು ಬಿಡಿ ತುಂಡುಗಳನ್ನು ಸುಮಾರು 32 ಮಿಲಿಮೀಟರ್ ವ್ಯಾಸದ ಪುಟ್ಟ ಕೊಳವೆಯೊಂದರಲ್ಲಿ ಇಳಿಬಿಟ್ಟು ನೋಡುತ್ತಾರೆ. ಒತ್ತದೆಯೇ ಪೂರ್ತಿಯಾಗಿ ಒಳಗಿಳಿಯುವ ತುಂಡು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ, ಅಂಥ ತುಂಡುಗಳಿರುವ ಆಟಿಕೆ ಮೂರು ವರ್ಷದೊಳಗಿನವರಿಗೆ ಸಲ್ಲದು. ಮಗು ಎಷ್ಟೇ ಚುರುಕಾಗಿದ್ದರೂ ಅದರ ಗಂಟಲು ವಯಸ್ಸಿಗೆ ತಕ್ಕಷ್ಟೇ ಇರುತ್ತದೆ ಎಂಬ ಮಾತನ್ನು ನಾನು ಮದುವೆಮನೆಗಳಲ್ಲಿ ಹೇಳಿ ಹೇಳಿ ಸೋತಿದ್ದೇನೆ.

ನಮ್ಮ ಮನೆಯಲ್ಲಿ ಐದು ವರ್ಷದ ಮಗನೂ, ಎರಡೂವರೆ ತುಂಬದ ಮಗಳೂ ಇರುವುದರಿಂದ ಮರದ ಪಜಲ್‌ಗಳು ನಾವು ಕೊಂಡುಕೊಳ್ಳುವುದಕ್ಕಿಂತ ಹೆಚ್ಚಾಗಿ ತಾವಾಗಿಯೇ ಬಂದು ಸೇರುತ್ತವೆ. ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ಬಂಧುಗಳೊಬ್ಬರು ಪ್ರೀತಿಯಿಂದ ತಂದದ್ದು ಅರವತ್ತು ತುಂಡುಗಳ ರೈಲಿನ ಚಿತ್ರ. ಆ ವಯಸ್ಸಿನ ಮಗುವಿಗೆ ನಾಲ್ಕಾರು ತುಂಡುಗಳೇ ಧಾರಾಳವಾಗಿರುವಾಗ ಅರವತ್ತು ತುಂಡುಗಳು ಚಿತ್ರವಾಗುವುದಿಲ್ಲ, ದಾಸ್ತಾನಾಗುತ್ತವೆ. ಆ ದಾಸ್ತಾನನ್ನು ವಿಲೇವಾರಿ ಮಾಡುವ ದಾರಿಯನ್ನು ಮಗಳು ಕಿಟಕಿಯ ಸರಳುಗಳ ನಡುವೆ ಕಂಡುಕೊಂಡಳು. ನಾವಿರುವುದು ಮೊದಲ ಮಹಡಿ. ಕಿಟಕಿಯ ನೇರ ಕೆಳಗೆ ಮನೆಯ ಒಡತಿಯಾದ ಅಜ್ಜಿಯ ತುಳಸಿಕಟ್ಟೆ. ಇಂಜಿನ್ನು, ಹಳಿ, ಗಾರ್ಡಿನ ಹಸಿರು ಬಾವುಟ ಎಲ್ಲವೂ ಒಂದೊಂದಾಗಿ ಆ ಕಟ್ಟೆಗೆ ಇಳಿದವು.

ಅಜ್ಜಿ ಅವುಗಳನ್ನು ಆಯ್ದು, ಸ್ಟೀಲಿನ ಡಬ್ಬಿಯೊಂದರಲ್ಲಿ ಹಾಕಿ ಸಂಜೆ ಮೇಲೆ ಕಳುಹಿಸಿದರು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದು ಸಂಪ್ರದಾಯವಲ್ಲ ಎಂದು ನಮ್ಮ ಅತ್ತೆ ಅದರ ತುಂಬ ಚಕ್ಕುಲಿ ಹಾಕಿ ಕೊಟ್ಟರು. ಮುಂದಿನ ಸಲ ರೈಲಿನ ತುಂಡುಗಳ ಜೊತೆಗೆ ಕೋಡುಬಳೆ ಬಂತು. ಅದಕ್ಕೆ ಪ್ರತಿಯಾಗಿ ಇಲ್ಲಿಂದ ರವೆಉಂಡೆ ಹೋಯಿತು. ಆ ಪಜಲ್ ಈವರೆಗೆ ಒಮ್ಮೆಯೂ ಪೂರ್ಣಗೊಂಡಿಲ್ಲವಾದರೂ ಎರಡು ಮನೆಗಳ ನಡುವಿನ ವ್ಯವಹಾರ ಸುಗಮವಾಗಿ ಸಾಗಿದ್ದು, ಡಬ್ಬಿ ಬರುವುದು ಎರಡು ದಿನ ತಡವಾದರೆ ಮಗಳನ್ನು ಕಿಟಕಿಯ ಬಳಿ ಕೂರಿಸುವುದು ಸ್ವತಃ ನಮ್ಮ ಯಜಮಾನರೇ ಎಂಬ ಗುಮಾನಿ ನನಗಿದೆ.

ಎರಡು ವರ್ಷದವರಿಗೆ ನಿಜವಾಗಿ ಒಗ್ಗುವುದು, ಒಂದೇ ಹಲಗೆಯಲ್ಲಿ ಐದಾರು ಪ್ರಾಣಿಗಳನ್ನು ಕೊರೆದು, ಒಂದೊಂದರ ಬೆನ್ನಿಗೂ ಮರದ ಹಿಡಿಯೊಂದನ್ನು ಗಟ್ಟಿಯಾಗಿ ಕೂರಿಸಿರುವ ಪಜಲ್. ಹಿಡಿ ಇರುವುದು ಅಲಂಕಾರಕ್ಕಲ್ಲ; ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಸೇರಿಸಿ ಅದನ್ನು ಹಿಡಿಯುವ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯುವುದಕ್ಕೂ ಒದಗುತ್ತದೆ. ಮಾರಿಯಾ ಮಾಂಟೆಸರಿಯವರ ಶಿಕ್ಷಣ ಸಾಮಗ್ರಿಯಲ್ಲಿ, ಒಂದೊಂದು ದಿಮ್ಮಿಗೆ ಹತ್ತರಂತೆ ಹಿಡಿಯುಳ್ಳ ಮರದ ಸಿಲಿಂಡರುಗಳಿರುವುದು ಇದೇ ಉದ್ದೇಶದಿಂದ. ಅದರಲ್ಲಿ ಇನ್ನೊಂದು ಜಾಣತನವೂ ಇದೆ. ಒಂದು ತುಂಡು ತಪ್ಪು ಜಾಗದಲ್ಲಿ ಕುಳಿತರೆ ಕೊನೆಯಲ್ಲಿ ಇನ್ನೊಂದಕ್ಕೆ ಜಾಗವಿಲ್ಲದೆ ಹೋಗುವುದರಿಂದ, ಎಡವಿದ್ದು ಎಲ್ಲಿ ಎಂಬುದನ್ನು ದೊಡ್ಡವರು ಹೇಳುವ ಅಗತ್ಯವೇ ಬೀಳುವುದಿಲ್ಲ, ಮರವೇ ಹೇಳುತ್ತದೆ. ದೊಡ್ಡವರು ಸುಮ್ಮನಿರುವುದಕ್ಕೆ ಇಷ್ಟು ಒಳ್ಳೆಯ ಏರ್ಪಾಡು ಇದ್ದೂ ‘ಅಲ್ಲಲ್ಲ ಪುಟ್ಟಿ, ಈ ಕಡೆ ತಿರುಗಿಸು’ ಎನ್ನದ ಅತಿಥಿಯನ್ನು ನಾನಿನ್ನೂ ಕಾಣಬೇಕಾಗಿದೆ.

ನಮ್ಮಲ್ಲಿಯ ಪ್ರಾಣಿಗಳ ಹಲಗೆಯಲ್ಲಿ ಮಗಳ ಒಲವೆಲ್ಲ ಆನೆಯ ಮೇಲೆ. ಅತ್ತೆ ಚಪಾತಿಗೆ ಹಿಟ್ಟು ನಾದಿಟ್ಟಾಗಲೆಲ್ಲ ಅದನ್ನು ಹಿಡಿಯಿಂದ ಎತ್ತಿ ಹಿಟ್ಟಿನ ಮೇಲೆ ಮುದ್ರೆ ಒತ್ತುವುದು, ಆಮೇಲೆ ಅಂಟಿದ ಹಿಟ್ಟನ್ನು ನೆಕ್ಕುವುದು ಅವಳ ಪದ್ಧತಿ. ಶುಚಿತ್ವದ ವಿಷಯದಲ್ಲಿ ರಾಜಿಯಿಲ್ಲದ ಅತ್ತೆ ಒಂದು ಮಧ್ಯಾಹ್ನ ಹಾಲಿನ ಬಾಟಲಿಗಳ ಜೊತೆಯಲ್ಲಿ ಆನೆಯನ್ನೂ ಕುದಿಯುವ ನೀರಿಗೆ ಹಾಕಿದರು. ಹೊರಗೆ ಬಂದ ಆನೆ ಮಿಂದು ಕೊಬ್ಬಿತ್ತು. ಅಂಗಡಿಯಲ್ಲಿ ‘ಮರ’ ಎಂದು ಮಾರುವ ಅಗ್ಗದ ಪಜಲ್‌ಗಳಲ್ಲಿ ಹಲವು, ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯವು. ಒಮ್ಮೆ ನೀರು ಕುಡಿದು ಊದಿದರೆ ಒಣಗಿದ ಮೇಲೂ ಅವು ಮೊದಲಿನ ಗಾತ್ರಕ್ಕೆ ಇಳಿಯುವುದಿಲ್ಲ. ಅಂಚುಗಳೆಲ್ಲ ಅರಳಿಕೊಂಡ ಆನೆಯನ್ನು ಅದರ ಜಾಗದಲ್ಲಿ ಇಟ್ಟು ಮಗಳು ‘ಕೂತ್ಕೋ!’ ಎಂದು ಗದರಿದಳು. ಅದು ಕೂರಲಿಲ್ಲ. ಅವಳೇ ಅದರ ಮೇಲೆ ಕುಳಿತು ನೋಡಿದಳು, ಆಗಲೂ ಇಳಿಯಲಿಲ್ಲ.

ಯಜಮಾನರು ಉಪ್ಪುಕಾಗದ ಹಿಡಿದು ಆನೆಯ ಅಂಚನ್ನು ಉಜ್ಜತೊಡಗಿದರು. ಸ್ವಲ್ಪ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜುವ ಕೆಲಸ ಟಿವಿಯಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದಾಗ ಸಾಗಿದ್ದರಿಂದ, ಆಟ ರೋಚಕವಾದ ಕೊನೆಯ ಓವರುಗಳಲ್ಲಿ ಉಜ್ಜುವಿಕೆಯೂ ಬಿರುಸಾಗಿ ಸೊಂಡಿಲಿನ ತುದಿ ಪೂರ್ತಿ ಸವೆದುಹೋಯಿತು. ಈಗ ಆನೆ ತನ್ನ ಜಾಗದಲ್ಲಿಯೂ ಕೂರುತ್ತದೆ, ಹಸುವಿನ ಜಾಗದಲ್ಲಿಯೂ ಕೂರುತ್ತದೆ, ಸ್ವಲ್ಪ ಓರೆಯಾಗಿ ಇಟ್ಟರೆ ಹಂದಿಯ ಜಾಗವೂ ಅದಕ್ಕೆ ಒಗ್ಗುತ್ತದೆ. ಮರವೇ ತಿದ್ದುತ್ತದೆ ಎಂಬ ಮಾಂಟೆಸರಿ ತತ್ತ್ವ ನಮ್ಮ ಮನೆಯಲ್ಲಿ ಕೊನೆಗೊಂಡದ್ದು ಹೀಗೆ. ಮರದ ಆಟಿಕೆಗೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ ನೆರಳಲ್ಲಿ ಒಣಗಿಸುವುದಕ್ಕಿಂತ ಹೆಚ್ಚಿನ ಮಡಿ ಬೇಕಾಗಿಲ್ಲ.

ಇದಾದ ಮೇಲೆ ಪಜಲ್ ಕೊಳ್ಳುವ ಜವಾಬ್ದಾರಿಯನ್ನು ಮಾವನವರು ವಹಿಸಿಕೊಂಡರು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಅವರು ಅಂಗಡಿಯಲ್ಲಿ ಪ್ರತಿ ತುಂಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು ಸಿಬಿರು ನೋಡುತ್ತಾರೆ, ಹಿಡಿಯನ್ನು ತಿರುಚಿ ಕಿತ್ತುಬರುವುದೇ ಎಂದು ಪರೀಕ್ಷಿಸುತ್ತಾರೆ, ಬಣ್ಣದ ಘಾಟು ಬರುವುದೇ ಎಂದು ಮೂಸುತ್ತಾರೆ. ಇವೆಲ್ಲ ನಾನೂ ಒಪ್ಪುವ ಪರೀಕ್ಷೆಗಳೇ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಅದನ್ನು ಹುಡುಕುವುದೂ ಸರಿಯೇ. ತೊಡಕಾದದ್ದು ಚನ್ನಪಟ್ಟಣದಲ್ಲಿ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಬೊಂಬೆ ಬೇಕೆನ್ನುವವರು ಈಗ ಹಳೆಯ ರಸ್ತೆಗೆ ಮನಸ್ಸು ಮಾಡಿಯೇ ಇಳಿಯಬೇಕು. ಹಾಗೆ ಇಳಿದು ಅಂಗಡಿಯೊಂದರಲ್ಲಿ ನಿಂತ ಮಾವನವರು, ಕುಕ್ಕರಿಗೂ ಹೆಲ್ಮೆಟ್ಟಿಗೂ ಹುಡುಕುವಂತೆ ಬಳೆಗಳ ಗೋಪುರದ ಬುಡದಲ್ಲಿ ಐಎಸ್‌ಐ ಮುದ್ರೆಯನ್ನು ಹುಡುಕಿ, ಕಾಣದೆ, ‘ಇದು ಅಸಲಿ ಅಲ್ಲ’ ಎಂದು ತೀರ್ಪು ಕೊಟ್ಟರು. ನೋಂದಾಯಿತ ಕರಕುಶಲಿಗಳ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದವುಗಳಿಗೂ ಆ ನಿಯಮದಿಂದ ವಿನಾಯಿತಿ ಇದೆ ಎಂದು ಅಂಗಡಿಯವರು ಸಮಾಧಾನದಿಂದ ವಿವರಿಸಿದರೂ, ಸರ್ಕಾರಿ ಆದೇಶದ ಪ್ರತಿ ಕೈಗೆ ಬಾರದೆ ಒಪ್ಪುವ ಜಾಯಮಾನ ಅವರದಲ್ಲ. ಹಾಲೆ ಮರವನ್ನು ಕಡೆಯುತ್ತ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಗೇ ಕರಗಿಸಿ ಬಳಿಯುವ ಆ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಮಾತ್ರ ಮೆತ್ತಗಾದರು. ಕಡೆದು ಮಾಡುವ ವಸ್ತುಗಳಾದ್ದರಿಂದ ಚನ್ನಪಟ್ಟಣದ್ದೆಲ್ಲ ಹೆಚ್ಚಾಗಿ ದುಂಡು. ದೊಡ್ಡದರಿಂದ ಚಿಕ್ಕದಕ್ಕೆ ಬಳೆಗಳನ್ನು ಪೇರಿಸುವ ಗೋಪುರ ನನ್ನ ಪ್ರಕಾರ ಸಣ್ಣ ಮಕ್ಕಳ ಮೊದಲ ಪಜಲ್ ಆಗಲು ಎಲ್ಲದಕ್ಕಿಂತ ಯೋಗ್ಯವಾದದ್ದು. ಬಳೆ ಕಳೆದರೂ ಗೋಪುರ ಸ್ವಲ್ಪ ಕುಳ್ಳಗಾಗುತ್ತದೆಯೇ ಹೊರತು ಕೆಡುವುದಿಲ್ಲ.

ಮಗನಿಗೆ ಮೊದಲು ಕೊಂಡದ್ದು ಟ್ಯಾಂಗ್ರಾಮ್. ಜೋಡಿಸಿ ಬೆಕ್ಕು, ಮನೆ ಎಂದು ಬಗೆಬಗೆಯ ಆಕೃತಿ ಮಾಡಲು ಏಳೇ ತುಂಡುಗಳು: ಐದು ತ್ರಿಕೋನ, ಒಂದು ಚೌಕ, ಒಂದು ಸಮಾಂತರ ಚತುರ್ಭುಜ. ಈ ಕೊನೆಯದನ್ನು ಕೆಲವು ಆಕೃತಿಗಳಿಗಾಗಿ ಮಗುಚಿ ಹಾಕಬೇಕಾಗುತ್ತದೆ. ಉಳಿದ ಆರನ್ನು ಸುಮ್ಮನೆ ತಿರುಗಿಸಿದರೆ ಸಾಕು. ನಮಗೆ ಸಿಕ್ಕಿದ್ದರಲ್ಲಿ ಬಣ್ಣ ಒಂದೇ ಬದಿಗಿತ್ತು. ಹೀಗಾಗಿ ಮಗನೂ ಅವನ ಅಪ್ಪನೂ ಬಣ್ಣದ ಬದಿಯನ್ನೇ ಮೇಲಿಟ್ಟುಕೊಂಡು ಒಂದು ಬೆಕ್ಕಿಗಾಗಿ ಊಟದ ಹೊತ್ತು ಮೀರುವವರೆಗೆ ಹೆಣಗಿದರು. ಎರಡೂ ಬದಿಗೆ ಬಣ್ಣವಿರುವ, ಇಲ್ಲವೇ ಬಣ್ಣವೇ ಇಲ್ಲದ ಟ್ಯಾಂಗ್ರಾಮ್ ಕೊಳ್ಳುವುದು ಸಂಸಾರದ ನೆಮ್ಮದಿಗೆ ಒಳ್ಳೆಯದು.

ಮಾವನವರ ಮನಸ್ಸು ಇದ್ದದ್ದು ಭೂಪಟದಲ್ಲಿ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ: 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ತಯಾರಕ, ಭೂಪಟವನ್ನು ತೆಳು ಮರದ ಹಲಗೆಗೆ ಅಂಟಿಸಿ, ಗಡಿಗಳ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ್ದೇ ಇಂಥ ಪಜಲ್‌ಗಳ ಆರಂಭ. ಮಾವನವರು ತಂದದ್ದು ಅಡಿ ಎತ್ತರದ ಹಲಗೆಯಲ್ಲಿ ಕೊರೆದ ಕರ್ನಾಟಕ, ಜಿಲ್ಲೆಗೊಂದು ತುಂಡು. ಬೀದರಿನಿಂದ ಆರಂಭಿಸಿ ಮಗ ಕೆಳಕ್ಕೆ ಇಳಿಯತೊಡಗಿದ. ಅವನು ರಾಯಚೂರನ್ನು ಕೈಯಲ್ಲಿ ಹಿಡಿದು ಯೋಚಿಸುವಷ್ಟರಲ್ಲಿ ತಾತನ ಕೈ ಮುಂದೆ ಬರುತ್ತಿತ್ತು, ‘ತಾತ, ನಂದು!’ ಎಂದಾಗ ಹಿಂದಕ್ಕೆ ಸರಿಯುತ್ತಿತ್ತು. ಕೊಪ್ಪಳದ ಹೊತ್ತಿಗೆ ಮತ್ತೆ ಬರುತ್ತಿತ್ತು. ಕೊನೆಗೆ ಚಾಮರಾಜನಗರವೂ ಕುಳಿತು ಚಿತ್ರ ಪೂರ್ಣವಾದಾಗ ಮಗ ಚಪ್ಪಾಳೆ ತಟ್ಟಿದ. ಮಾವನವರು ತಟ್ಟಲಿಲ್ಲ. ಎಣಿಸಿದರು. ಮೂವತ್ತು.

‘ವಿಜಯನಗರ ಎಲ್ಲಿ?’

ಅದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಮೂವತ್ತೊಂದನೆಯ ಜಿಲ್ಲೆ. ಪಜಲ್ ಅದಕ್ಕೂ ಹಿಂದಿನ ನಕ್ಷೆಯದು. ಅಂಗಡಿಗೆ ಹಿಂದಿರುಗಿಸಿದರೆ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ಜಿಲ್ಲೆಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ, ಅವು ಒಡೆದು ಒಡೆದು ಮೂವತ್ತೊಂದಾದದ್ದನ್ನು ಕಂಡ ಭೂಮಾಪಕರಿಗೆ ಇದು ಇಲಾಖೆಯ ಬಾಕಿ ಕೆಲಸವೆನಿಸಿತು. ಪೆನ್ಸಿಲನ್ನು ಚೂಪು ಮಾಡಿಕೊಂಡು ಬಳ್ಳಾರಿಯ ಮೇಲೆ ಗಡಿ ಎಳೆದರು. ಎಳೆಯುವಾಗ ಇನ್ನೊಂದು ತಕರಾರು ಎದ್ದಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಬಳಿಕ ಬಳ್ಳಾರಿಗೇ ಹಿಂದಿರುಗಿ, ಅಲ್ಲಿಂದ ವಿಜಯನಗರಕ್ಕೆ ಸೇರಿದ್ದು. ಹಳೆಯ ನಕ್ಷೆಯ ಪಜಲ್‌ನಲ್ಲಿ ಅದಿನ್ನೂ ದಾವಣಗೆರೆಯೊಳಗೇ ಇತ್ತು. ಆದ್ದರಿಂದ ದಾವಣಗೆರೆಯನ್ನೂ ಕೊಯ್ಯದೆ ವಿಧಿಯಿರಲಿಲ್ಲ.

ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ಊಟದ ಮೇಜಿನ ಅಂಚಿಗೆ ಬಳ್ಳಾರಿಯನ್ನು ಎಡಗೈಯಲ್ಲಿ ಒತ್ತಿ, ಗೆರೆಯ ಮೇಲೆ ಗರಗಸ ಆಡಿಸಿದರು. ಮಗ ಉಸಿರು ಬಿಗಿಹಿಡಿದು ಮರದ ಪುಡಿಯನ್ನು ಊದುವ ಹುದ್ದೆಯಲ್ಲಿದ್ದ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳು ಒಂದು ತುಂಡಾಗಿ ಕೈಗೆ ಬಂದವು. ದಾವಣಗೆರೆಯಿಂದ ಹರಪನಹಳ್ಳಿ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದೊಂದು ಚೂರಾಗಿ ಬೇರ್ಪಟ್ಟಿತು. ಎರಡನ್ನೂ ಫೆವಿಕಾಲ್ ಹಚ್ಚಿ ಸೇರಿಸಿ, ಮೇಲೆ ಒಳಕಲ್ಲಿನ ಗುಂಡು ಹೇರಿ, ರಾತ್ರಿಯಿಡೀ ಇಟ್ಟರು. ಬೆಳಗ್ಗೆ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಿತ್ತು. ಆದರೆ ಕೊಯ್ದಲ್ಲೆಲ್ಲ ಬ್ಲೇಡಿನ ದಪ್ಪದಷ್ಟು ಮರ ಪುಡಿಯಾಗಿ ಹೋಗಿದ್ದರಿಂದ ಹೊಸ ಜಿಲ್ಲೆಯ ಸುತ್ತ ಸಂದು ಉಳಿದು, ಹಲಗೆ ಎತ್ತಿದೊಡನೆ ಅದು ಜಾರಿ ಬೀಳುತ್ತಿತ್ತು. ‘ಗಡಿ ವಿವಾದ ಇರೋದೇ’ ಎಂದು ಮಾವನವರು ಸಮಾಧಾನ ಮಾಡಿಕೊಂಡರು.

ಹಾಗೆ ಬಿದ್ದ ಒಂದು ಸಲ ಅಂಟು ಬಿಟ್ಟು ಹರಪನಹಳ್ಳಿ ಕಳಚಿಕೊಂಡಿತು. ಅದನ್ನು ಎಲ್ಲರಿಗಿಂತ ಮೊದಲು ಕಂಡವಳು ಮಗಳು. ನಾನು ಅಡುಗೆಮನೆಯಿಂದ ಹೊರಗೆ ಬಂದಾಗ ಅವಳ ಕೆನ್ನೆ ಒಂದು ಬದಿಗೆ ಉಬ್ಬಿತ್ತು. ಕೂಗಿದರೆ ನುಂಗಿಬಿಟ್ಟಾಳೆಂದು ಹೆದರಿ, ದನಿಯೇರಿಸದೆ ಬೆಲ್ಲದ ಚೂರೊಂದನ್ನು ತೋರಿಸಿದೆ. ಅವಳು ವ್ಯಾಪಾರ ಕುದುರಿದವಳ ಗಾಂಭೀರ್ಯದಿಂದ ಹರಪನಹಳ್ಳಿಯನ್ನು ನನ್ನ ಅಂಗೈಗೆ ಉಗುಳಿ ಬೆಲ್ಲವನ್ನು ತೆಗೆದುಕೊಂಡಳು. ಅಂದಿನಿಂದ ವಿಜಯನಗರ ಜಿಲ್ಲೆಯ ಆಡಳಿತ ಬೀರುವಿನ ಮೇಲೆ, ಹಳೆಯ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ನಡೆಯುತ್ತಿದೆ. ಮಗ ಅದನ್ನು ಸ್ಟೂಲು ಹತ್ತಿ ಇಳಿಸಿಕೊಳ್ಳುವುದಕ್ಕೆ ಮಗಳು ಮಲಗಿರಬೇಕು ಎಂಬುದು ಕಟ್ಟುನಿಟ್ಟಿನ ಷರತ್ತು.

ಮಾವನವರು ಎದೆಗುಂದಿಲ್ಲ. ಜಿಲ್ಲೆಗಳದ್ದೇ ಸಮಸ್ಯೆ, ನೇರವಾಗಿ ತಾಲ್ಲೂಕುಗಳ ಪಜಲ್ ಮಾಡಿಸಿದರೆ ಯಾವ ಜಿಲ್ಲೆ ಹೇಗೆ ಒಡೆದರೂ ತುಂಡುಗಳನ್ನು ಹೊಸದಾಗಿ ಕೊಯ್ಯಬೇಕಾಗಿಲ್ಲ ಎಂಬುದು ಅವರ ಈಗಿನ ವಾದ. ತಾಲ್ಲೂಕುಗಳು ಇನ್ನೂರ ಮೂವತ್ತಕ್ಕೂ ಹೆಚ್ಚಿವೆ ಎಂದು ಅತ್ತೆ ಎಚ್ಚರಿಸಿದರು. ಅದಕ್ಕೂ ಉತ್ತರ ಸಿದ್ಧವಿತ್ತು. ಹಲಗೆಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿದರೆ ಯಾವ ತಾಲ್ಲೂಕೂ ಮೊಮ್ಮಗಳ ಬಾಯಿಗೆ ಹಿಡಿಸುವುದಿಲ್ಲವಂತೆ. ಬಡಗಿ ನಿನ್ನೆ ಬಂದು ನಡುಮನೆಯ ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದಾನೆ. ಮುಂದೆ ಸರ್ಕಾರ ಘೋಷಿಸಬಹುದಾದ ಹೊಸ ತಾಲ್ಲೂಕುಗಳಿಗೆಂದು ಹಲಗೆಯೊಂದನ್ನು ಹೆಚ್ಚುವರಿಯಾಗಿ ತರುವಂತೆ ಹೇಳಿ, ಮಾವನವರು ಅದಕ್ಕೂ ಸೇರಿಸಿಯೇ ಮುಂಗಡ ಕೊಟ್ಟಿದ್ದಾರೆ.