ಬಸ್ಸಾರಿನ ಜಿಲ್ಲೆಗೆ ಬಸಿಯುವ ಪಾಠ

ನಂದಿ ಬೆಟ್ಟದ ತಪ್ಪಲಿನ ರೆಸಾರ್ಟೊಂದರಲ್ಲಿ ನಡೆದ ‘ಪಕ್ವ ಕೆಂಪು ವೈನ್ ಸವಿಯುವ ಸಂಜೆ’ಯ ಸುದ್ದಿಯನ್ನು ನೀವೆಲ್ಲ ಓದಿಯೇ ಇರುತ್ತೀರಿ. ಬಾಟಲಿಯ ಕುತ್ತಿಗೆಯ ಕೆಳಗೆ ಮೇಣದ ಬತ್ತಿ ಹಿಡಿದು ನಿಂತ ಕಪ್ಪು ಕೋಟಿನ ಯುವಕನ ಚಿತ್ರ ಪುಟದ ಮೇಲ್ಭಾಗದಲ್ಲಿದ್ದರೆ, ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡವಾಗಿ ಜೋಡಿಸಿ ಕುಳಿತ ಹೆಂಗಸರ ಚಿತ್ರ ಅದೇ ಪುಟದ ಕೆಳಮೂಲೆಯಲ್ಲಿತ್ತು. ಪುಟ ಕಟ್ಟಿದ ಪುಣ್ಯಾತ್ಮನಿಗೆ ವ್ಯಂಗ್ಯದ ಉದ್ದೇಶವಿತ್ತೆಂದು ನಾನು ನಂಬುವುದಿಲ್ಲ; ಜಾಹೀರಾತುಗಳು ಬಿಟ್ಟುಕೊಟ್ಟ ಜಾಗದಲ್ಲಿ ಎರಡೂ ಹಿಡಿಸಿರಬೇಕು, ಅಷ್ಟೆ.

ಬೆಂಗಳೂರಿನ ಸ್ನೇಹಿತರೊಬ್ಬರ ಕೃಪೆಯಿಂದ ಆ ಸಂಜೆಗೆ ನಾನೂ ಹೋಗಿದ್ದೆ. ಎರಡು ಪಾಸುಗಳಿದ್ದುದರಿಂದ, ಮನೆಯವಳು ಬರುವುದಿಲ್ಲವೆಂದು ಖಂಡಿತವಾಗಿ ಹೇಳಿದ್ದರಿಂದ, ನಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ಹೋದೆ. ಅವರು ನಲವತ್ತು ವರ್ಷಗಳಿಂದ ದ್ರಾಕ್ಷಿ ಬೆಳೆಯುತ್ತಿರುವವರು. ಅವರ ಚಪ್ಪರದಲ್ಲಿ ಅರ್ಧ ದಿಲ್‌ಖುಷ್, ಇನ್ನರ್ಧ 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ. ದ್ರಾಕ್ಷಿಯ ಬಗ್ಗೆ ಮಾತಾಡುವ ಸಭೆಯಲ್ಲಿ ದ್ರಾಕ್ಷಿ ಬೆಳೆದವರು ಒಬ್ಬರಾದರೂ ಇರಲಿ ಎಂಬುದು ನನ್ನ ಸದುದ್ದೇಶವಾಗಿತ್ತು. ಬಾಗಿಲಲ್ಲಿ ಅವರ ಪಂಚೆಯನ್ನು ಎರಡು ಸಲ ನೋಡಿ ಒಳಗೆ ಬಿಟ್ಟರು.

ಮೊದಲನೆಯ ಪಾಠ, ಹಳೆಯ ವೈನನ್ನು ಇಡುವ ಬಗೆ. ಉಷ್ಣಾಂಶ 12ರಿಂದ 14 ಡಿಗ್ರಿಯೊಳಗೆ ಏರುಪೇರಿಲ್ಲದೆ ಇರಬೇಕು, ಬೆಳಕು ಬೀಳಬಾರದು, ಗಾಳಿಯಲ್ಲಿ ತಕ್ಕಷ್ಟು ತೇವವಿರಬೇಕು, ಬಿರಡೆ ಒಣಗಿ ಬಿರಿಯದಂತೆ ಬಾಟಲಿಯನ್ನು ಮಲಗಿಸಿಡಬೇಕು, ಅದುರು ತಗುಲಬಾರದು, ಸದ್ದುಗದ್ದಲ ಸಲ್ಲದು ಎಂದು ಆ ಯುವಕ ಹೇಳುತ್ತ ಹೋದಂತೆ ಚಿಕ್ಕಪ್ಪ ನನ್ನ ಕಿವಿಯ ಬಳಿ ಬಾಗಿ, “ಬಾಣಂತಿ ಕೋಣೆ ಅನ್ನು ಮಗಾ” ಎಂದರು. ಇದಕ್ಕಿಂತ ಸರಿಯಾದ ಅನುವಾದ ಯಾವ ನಿಘಂಟಿನಲ್ಲಿಯೂ ಸಿಗಲಾರದು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಹಳೆಯ ಮಾತು ಯುರೋಪಿನ ಚಳಿಮನೆಗಳಲ್ಲಿ ಹುಟ್ಟಿದ್ದರಿಂದ ಅದರ ನಿಜವಾದ ಅರ್ಥ 16ರಿಂದ 18 ಡಿಗ್ರಿ ಎಂದೂ ಯುವಕ ವಿವರಿಸಿದ. ಏಪ್ರಿಲ್ ತಿಂಗಳಲ್ಲಿ ನಮ್ಮ ಕೋಣೆಯ ಉಷ್ಣಾಂಶಕ್ಕೆ ತಂದು ಬಡಿಸಿದರೆ ಅದನ್ನು ಕಷಾಯವೆಂದು ಕರೆಯಬೇಕಾಗುತ್ತದೆ.

ಬಾಣಂತಿ ಕೋಣೆಯ ಮಾತನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಾಗುತ್ತಿಲ್ಲ. ಇಪ್ಪತ್ತು ವರ್ಷದ ಬಾಟಲಿಗೆ ಇಂಥ ಕೋಣೆಯನ್ನು ಕಟ್ಟಿಸಿ, ಕರೆಂಟು ಹೋದರೆ ಜನರೇಟರ್ ಇಟ್ಟು ಕಾಯುವ ಈ ತಪ್ಪಲಿನಲ್ಲಿ, ಇಂದು ಬೆಳಿಗ್ಗೆ ಕೊಯ್ದ ದ್ರಾಕ್ಷಿಯನ್ನು ನಾಲ್ಕು ದಿನ ತಣ್ಣಗಿಡಲು ಚಿಕ್ಕಪ್ಪನಂಥವರಿಗೆ ಒಂದು ಕೋಣೆ ಇಲ್ಲ. ಗೊಂಚಲುಗಳು ಕ್ರೇಟಿನಲ್ಲಿ, ಕ್ರೇಟುಗಳು ಹುಣಸೆಮರದ ನೆರಳಿನಲ್ಲಿ, ನೆರಳು ಸರಿದಂತೆಲ್ಲ ಕ್ರೇಟುಗಳನ್ನೂ ಸರಿಸುತ್ತ ಕುಳಿತುಕೊಳ್ಳುವುದು ನಮ್ಮ ಶೀತಲ ತಂತ್ರಜ್ಞಾನ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಈ ಚಿಕ್ಕಬಳ್ಳಾಪುರ ಜಿಲ್ಲೆಯ ದ್ರಾಕ್ಷಿ ಟ್ರಾಕ್ಟರುಗಟ್ಟಲೆ ಸುರಿದುಹೋಯಿತು. ದ್ರಾಕ್ಷಿಯಿಂದ ವೈನ್ ಮಾಡಿ ರೈತನನ್ನು ಉದ್ಧರಿಸುತ್ತೇವೆಂದು ರಾಜ್ಯವು ನೀತಿ ಹೊರಡಿಸಿದ್ದು 2007ರಲ್ಲಿ. ಆ ನೀತಿಗೆ ಆಗ ಹದಿಮೂರು ವರ್ಷ. ಒಳ್ಳೆಯ ಕೆಂಪು ವೈನ್ ತೆರೆಯಲು ಅದು ತಕ್ಕ ವಯಸ್ಸು. ತೆರೆದು ನೋಡಿದರೆ ತಿಪ್ಪೆಯ ವಾಸನೆ ಬಂತು. ಇದನ್ನು ತಮಾಷೆಯಾಗಿ ಬರೆಯಲು ನಾನು ಹಲವು ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಇರಲಿ, ರುಚಿಯ ಪಾಠಕ್ಕೆ ಬರೋಣ. ಎಳೆಯ ಕೆಂಪು ವೈನಿನಲ್ಲಿ ನಾಲಿಗೆಯನ್ನು ಹಿಡಿದೆಳೆಯುವ ಗುಣಕ್ಕೆ ಟ್ಯಾನಿನ್ ಎಂದು ಹೆಸರು. ಅದು ಹಣ್ಣಿನ ಸಿಪ್ಪೆ ಮತ್ತು ಬೀಜಗಳಿಂದ ಬರುತ್ತದೆ. ನಾವು ಒಗರು ಎನ್ನುತ್ತೇವೆ, ಅಡಿಕೆ ಬೇಯಿಸುವವರು ಅದನ್ನೇ ಚೊಗರೆಂದು ಡಬ್ಬಿಯಲ್ಲಿ ತುಂಬಿಡುತ್ತಾರೆ. ವರ್ಷಗಳು ಕಳೆದಂತೆ ಒಗರಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ಬಣ್ಣದ ಕಣಗಳನ್ನೂ ಜೊತೆಗೆ ಎಳೆದುಕೊಂಡು, ಭಾರವಾಗಿ ತಳಕ್ಕೆ ಇಳಿಯುತ್ತವೆ; ಮೇಲೆ ಉಳಿದದ್ದು ಮೆತ್ತಗಾಗುತ್ತದೆ, ನೇರಳೆ ಬಣ್ಣ ಹೋಗಿ ಲೋಟದ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಕಾಣಿಸಿಕೊಳ್ಳುತ್ತದೆ. ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿಸಿ ಆ ಅಂಚನ್ನು ನೋಡಿ ವಯಸ್ಸು ಅಂದಾಜು ಮಾಡುವವನನ್ನು ಲೋಕ ತಜ್ಞನೆನ್ನುತ್ತದೆ. ನಮ್ಮ ಅಜ್ಜಿ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟ ಹುಣಸೆಹಣ್ಣನ್ನು ಚಿಟಿಕೆಯಷ್ಟು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು, ಇದು ಹೋದ ವರ್ಷದ್ದು ಸಾರಿಗೆ, ಇದು ಅದರ ಹಿಂದಿನದು ಪುಳಿಯೋಗರೆ ಗೊಜ್ಜಿಗೆ ಎಂದು ಬೇರ್ಪಡಿಸುತ್ತಿದ್ದಳು. ಕೆಂಪು ಹೋಗಿ ಕಪ್ಪಡರಿದರೆ ಹುಳಿ ಮಾಗಿದೆಯೆಂದು ಲೆಕ್ಕ. ಅವಳಿಗೆ ಯಾರೂ ಕೋಟು ತೊಡಿಸಲಿಲ್ಲ.

ಎಲ್ಲ ವೈನುಗಳೂ ಹಳತಾದಷ್ಟೂ ಉತ್ತಮವಾಗುವುದಿಲ್ಲ, ಜಗತ್ತಿನ ಬಹುಪಾಲು ವೈನು ಒಂದೆರಡು ವರ್ಷಗಳಲ್ಲೇ ಕುಡಿದು ಮುಗಿಸಬೇಕಾದದ್ದು ಎಂದು ಯುವಕ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಚಿಕ್ಕಪ್ಪನಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗಲೇ. “ಎಲ್ಲಾ ಮುದುಕ್ರಿಗೂ ಬುದ್ಧಿ ಬರಲ್ಲ ಕಣೋ” ಎಂದು ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಹಿಂದಿರುಗಿ ನೋಡಿದರು.

ಬಳಿಕ ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಕಥೆ ಬಂತು. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಅಲ್ಲಿನ ಕೆಂಪು ವೈನಿನ ತೋಟಗಳನ್ನು ಐದು ಮೆಟ್ಟಿಲುಗಳಲ್ಲಿ ಕೂರಿಸಿದರಂತೆ. ಆ ಮೇಲೆ ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಲು ಸಾಧ್ಯವಾದದ್ದು ಒಂದೇ ಒಂದು ತೋಟಕ್ಕೆ, ಅದೂ 1973ರಲ್ಲಿ. ಹುಟ್ಟಿನಿಂದ ಬಂದ ಮೆಟ್ಟಿಲುಗಳನ್ನು ಜನ ಇಷ್ಟು ಭಕ್ತಿಯಿಂದ ಕಾಪಾಡಿಕೊಂಡು ಬರುವುದು ನಮ್ಮಲ್ಲಿ ಮಾತ್ರವೆಂದು ಇದುವರೆಗೆ ನಾಚಿಕೊಳ್ಳುತ್ತಿದ್ದೆ.

ಪರಿಮಳದ ಪಟ್ಟಿಯೂ ಸೊಗಸಾಗಿತ್ತು. ಚೆನ್ನಾಗಿ ಮಾಗಿದ ವೈನಿನಲ್ಲಿ ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ಒಣ ಅಂಜೂರ, ತಂಬಾಕು, ಹಳೆಯ ತೊಗಲು, ಅಣಬೆ, ಕಾಡಿನಲ್ಲಿ ಕೊಳೆತ ಎಲೆ, ಮಳೆಗೆ ನೆನೆದ ಮಣ್ಣು ಇವೆಲ್ಲ ಮೂಗಿಗೆ ಬರುತ್ತವೆಯಂತೆ. ನೆನೆದ ಮಣ್ಣಿನ ವಾಸನೆ ಹಿಡಿಯಲು ಈ ಜಿಲ್ಲೆಯವರು ಹಣ ಕೊಟ್ಟು ಲೋಟದೊಳಗೆ ಮೂಗು ತೂರಿಸಬೇಕಾದ ಕಾಲ ಬಂದಿರುವುದು ಪ್ರಗತಿಯೇ ಸರಿ. ಸಾವಿರದೈನೂರು ಅಡಿ ಕೊರೆದರೂ ಧೂಳೇಳುವ ಕೊಳವೆಬಾವಿಗಳ ನಾಡು ಇದು. ಬಾಗೇಪಲ್ಲಿ, ಗುಡಿಬಂಡೆಗಳ ಕಡೆ ನೀರು ಬಂದರೆ ಅದರ ಹಿಂದೆಯೇ ಫ್ಲೋರೈಡೂ ಬರುತ್ತದೆ. ಅಷ್ಟು ಆಳದ ನೀರಿಗೆ ಎಷ್ಟು ಸಾವಿರ ವರ್ಷ ವಯಸ್ಸಾಗಿರಬಹುದೆಂದು ಯೋಚಿಸಿದರೆ, ನಾವು ಸ್ನಾನಕ್ಕೆ ಬಳಸುತ್ತಿರುವುದು ಬೋರ್ಡೊದವರು ಕನಸಿನಲ್ಲಿಯೂ ಕಾಣದಷ್ಟು ಹಳೆಯ ಮಾಲು. ಮೇಲಿನಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರು ಒಮ್ಮೆ ಬಳಸಿ, ಎರಡನೆಯ ಹಂತದವರೆಗೆ ಶುದ್ಧಿ ಮಾಡಿ ಕಳಿಸಿದ ನೀರು. 2018ರಲ್ಲಿ ಕೋಲಾರದ ಕಡೆ ಅದರ ಮೇಲೆದ್ದ ನೊರೆಯನ್ನು ಕಂಡವರಿಗೆ ಶಾಂಪೇನ್ ವಿಶೇಷವೆನಿಸಲಾರದು.

ಹಳತಾದಂತೆ ಬೆಲೆ ಏರುವುದೇ ಉತ್ತಮ ವೈನಿನ ಲಕ್ಷಣವಾದರೆ ನಮ್ಮಲ್ಲಿ, ಪಶ್ಚಿಮಘಟ್ಟದ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆ ಇದೆ. 2012ರಲ್ಲಿ ಮಂಜೂರಾತಿ ಸಿಕ್ಕಾಗ 8,323 ಕೋಟಿ ರೂಪಾಯಿ. 2014ರಲ್ಲಿ ನಮ್ಮ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಹಾಕಿ ಬಿರಡೆ ಜಡಿಯುವ ಹೊತ್ತಿಗೆ 12,912 ಕೋಟಿ. ಬಾಟಲಿಯ ಮೇಲೆ ಒಂಬತ್ತು ವರ್ಷದ ಧೂಳು ಕೂತ ಮೇಲೆ 23,251 ಕೋಟಿ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಬಿರಡೆ ತೆಗೆದು ಪೂಜೆ ಮಾಡಿ ಪರಿಮಳ ನೋಡಿದರು. ನಮ್ಮ ಲೋಟ ಇನ್ನೂ ಖಾಲಿ ಇದೆ. ಓರೆಯಾಗಿಸಿ ಅಂಚು ನೋಡಿದರೂ ಗಾಜೇ ಕಾಣುತ್ತದೆ.

ಕೊನೆಗೆ ಎಲ್ಲರೂ ಕಾಯುತ್ತಿದ್ದ ಮೇಣದ ಬತ್ತಿಯ ಶಾಸ್ತ್ರ. ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂತ ಮೇಲೆ, ಮುಪ್ಪಿನ ಬಿರಡೆ ಪುಡಿಯಾಗದಂತೆ ಎಳೆದು, ಕುತ್ತಿಗೆಯ ಕೆಳಗೆ ದೀಪ ಹಿಡಿದು, ಗಸಿಯ ಎಳೆ ಬಾಟಲಿಯ ಹೆಗಲಿಗೆ ಬಂದು ಮುಟ್ಟುವವರೆಗೆ ನಿಧಾನವಾಗಿ ಬೇರೆ ಪಾತ್ರೆಗೆ ಬಸಿಯಬೇಕು. ಬಸ್ಸಾರು ಉಂಡು ಬೆಳೆದ ಜಿಲ್ಲೆಗೆ ಬಸಿಯುವುದನ್ನು ಕಲಿಸಲು ಇಷ್ಟು ಖರ್ಚು ಬೇಕಿತ್ತೇ ಎಂದು ನನಗನ್ನಿಸಿತು. ನಮ್ಮ ಹೆಂಗಸರು ಸೊಪ್ಪುಕಾಳು ಬೇಯಿಸಿದ ಕಟ್ಟನ್ನು ಬಸಿದು ಸಾರು ಮಾಡುತ್ತಾರೆ, ತಳದಲ್ಲಿ ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯವನ್ನೂ ಮಾಡುತ್ತಾರೆ. ಇಲ್ಲಿ ತಳದ್ದನ್ನು ಚೆಲ್ಲಿಬಿಟ್ಟರು. ಇಷ್ಟು ವಯಸ್ಸಾದ ವೈನ್ ಗಾಳಿಗೆ ತೆರೆದುಕೊಂಡರೆ ಬೇಗನೆ ಸೊರಗುತ್ತದೆ, ಬಸಿದ ಕೂಡಲೇ ಕುಡಿಯಬೇಕು ಎಂದು ಯುವಕ ಎರಡೆರಡು ಸಲ ಬೇಡಿಕೊಂಡ. ಸಭಿಕರು ಮುಕ್ಕಾಲು ಗಂಟೆ ಫೋಟೋ ತೆಗೆದುಕೊಂಡರು.

ನಮ್ಮ ಪಾಲಿನ ಎರಡು ಗುಟುಕು ಬಂದಾಗ ಚಿಕ್ಕಪ್ಪ ಬಾಟಲಿಯ ಬೆಲೆ ಕೇಳಿದರು, ಒಂದು ಬಾಟಲಿಗೆ ಹಣ್ಣೆಷ್ಟು ಬೇಕೆಂದೂ ಕೇಳಿದರು. ಒಂದೂಕಾಲು ಕೆ.ಜಿ. ಇದ್ದರೆ ಸಾಕು ಎಂದು ಯುವಕ ಹೇಳಿದ. ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ಮಂಡಿಯ ದಲ್ಲಾಳಿಯದು. “ನಾಳೆ ಅದೇ ರೇಟಾ ಸ್ವಾಮಿ? ಒಂದಿನ ತಡೆದು ಕುಯ್ದ್ರೆ? ಗಿಡದಾಗೇ ಉದುರ್ತಾ ಅದೆ, ತಡಿಯಂಗಿಲ್ಲ” ಎಂದು ಅವರು ದನಿಯೇರಿಸುತ್ತಿದ್ದಂತೆ, ಕಪ್ಪು ಕೋಟಿನ ಯುವಕ ಮೆಲ್ಲನೆ ಹತ್ತಿರ ಬಂದು, ಒಳಕೋಣೆಯಲ್ಲಿ ಇನ್ನೂ ಬಾಟಲಿಗಳು ಮಲಗಿವೆ, ದಯವಿಟ್ಟು ಹೊರಗೆ ಹೋಗಿ ಮಾತಾಡಿ ಎಂದು ಕೈಮುಗಿದ.