ಕಳುವಿನ ಮಾಲಿಗೆ ಕುಲಗೋತ್ರ

ಋಷಿಮೂಲ, ನದಿಮೂಲ ಹುಡುಕಬಾರದು ಎಂದ ಹಿರಿಯರು ಕಾಮಿಕ್ಸ್ ಮೂಲದ ಬಗ್ಗೆ ಒಂದು ಮಾತೂ ಹೇಳದೆ ಹೋದರು. ಅದರ ಫಲ ಈಗ ಉಣ್ಣುತ್ತಿದ್ದೇವೆ. ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ 1938ರ ಆ ಹತ್ತು ಸೆಂಟಿನ ಸಂಚಿಕೆಯ ಒಂದು ಪ್ರತಿ 2026ರ ಜನವರಿಯಲ್ಲಿ ಒಂದೂವರೆ ಕೋಟಿ ಡಾಲರಿಗೆ ಬಿಕರಿಯಾದ ಸುದ್ದಿ ನೀವೂ ಓದಿರುತ್ತೀರಿ. ನಮ್ಮ ಲೆಕ್ಕದಲ್ಲಿ 130 ಕೋಟಿ ರೂಪಾಯಿ ದಾಟುತ್ತದೆ. ಅದರ ಹೆಚ್ಚುಗಾರಿಕೆ ಏನೆಂದರೆ, ಅದು ಹಿಂದೆ ನಟ ನಿಕೋಲಸ್ ಕೇಜ್ ಅವರದಾಗಿತ್ತು ಮತ್ತು ಅವರ ಮನೆಯಿಂದ ಕಳುವಾಗಿತ್ತು!

1996ರಲ್ಲಿ ಕೇಜ್ ಅದಕ್ಕೆ ಕೊಟ್ಟದ್ದು ಒಂದೂವರೆ ಲಕ್ಷ ಡಾಲರ್. 2000ದಲ್ಲಿ ಯಾರೋ ಎತ್ತಿಕೊಂಡು ಹೋದರು. 2011ರಲ್ಲಿ ಕ್ಯಾಲಿಫೋರ್ನಿಯದ ಬಾಡಿಗೆ ಗೋದಾಮೊಂದರ ಹಳೆ ಸಾಮಾನಿನಲ್ಲಿ ಸಿಕ್ಕಿ, ಅದೇ ವರ್ಷ 21.6 ಲಕ್ಷ ಡಾಲರಿಗೆ ಹೋಯಿತು. ಹಾಳೆಗಳ ಸ್ಥಿತಿಗೆ ಹತ್ತಕ್ಕೆ ಒಂಬತ್ತು ಅಂಕವಿದೆ, ನಿಜ. ಅಷ್ಟೇ ಅಂಕದ ಇನ್ನೊಂದು ಪ್ರತಿಗೆ 2014ರಲ್ಲಿ 32 ಲಕ್ಷ ಡಾಲರ್ ಬಂದಿತ್ತು. ಅಲ್ಲಿಂದೀಚೆಗೆ ಪೇಟೆಯೂ ಏರಿದೆ, ಒಪ್ಪೋಣ. ಉಳಿದ ಏರಿಕೆಯಲ್ಲಿ ಕಳ್ಳನ ಪಾಲು ಎಷ್ಟು ಎಂದು ಯಾರಾದರೂ ಲೆಕ್ಕ ಹಾಕಬೇಕು. ಆ ಪುಣ್ಯಾತ್ಮನಿಗೆ ಕಮಿಷನ್ ಕೂಡ ಸಿಗಲಿಲ್ಲ.

ನಮ್ಮ ಕಲಬುರಗಿಯಲ್ಲಿ ಈ ಅರ್ಥಶಾಸ್ತ್ರ ಇನ್ನೂ ಬೇರು ಬಿಟ್ಟಿಲ್ಲ. ಇಲ್ಲಿ ಕಳುವಾದ ಬೈಕು ಸಿಕ್ಕರೆ ಠಾಣೆಯ ಆವರಣದಲ್ಲಿ ಬಿಸಿಲು ಕುಡಿಯುತ್ತ, ಸೀಟಿನ ಸ್ಪಂಜು ಹಕ್ಕಿಗಳ ಗೂಡಿಗೆ ದಾನವಾಗುತ್ತ ನಿಂತಿರುತ್ತದೆ. ಮಾಲೀಕ ಕೋರ್ಟಿನಿಂದ ಬಿಡಿಸಿಕೊಂಡು ಬಂದರೆ ಕೊಳ್ಳುವವನು ಅರ್ಧ ರೇಟಿಗೆ ಕೇಳುತ್ತಾನೆ. ಪಂಚನಾಮೆಯ ಪ್ರತಿಗೆ ಚೌಕಟ್ಟು ಹಾಕಿಸಿ ಜೊತೆಗೆ ಕೊಡಬೇಕೆಂಬ ಬುದ್ಧಿ ನಮ್ಮವರಿಗೆ ಹೊಳೆಯಲೇ ಇಲ್ಲ.

ಆದರೆ ಮೂಲ ಸಾಬೀತು ಮಾಡುವ ವಿದ್ಯೆಯಲ್ಲಿ ಅಮೆರಿಕದವರು ನಮ್ಮೆದುರು ಎಳೆಕೂಸುಗಳು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರಕ್ಕೆ ಓಡಾಡಿದ ಯಾವ ಹುಡುಗನನ್ನಾದರೂ ಕೇಳಿ. ಇದೇ ಓಣಿಯಲ್ಲಿ ಹುಟ್ಟಿ, ಇಲ್ಲಿಯ ಧೂಳು ಕುಡಿದು ಬೆಳೆದವನು ತಾನು ಇಲ್ಲಿಯವನೆಂದು ಶಾಲೆಯ ದಾಖಲೆ, ತಂದೆಯ ದಾಖಲೆ, ಅವುಗಳ ಜೆರಾಕ್ಸು, ಜೆರಾಕ್ಸಿನ ಮೇಲೆ ದೃಢೀಕರಣ ಹೊತ್ತು ತೋರಿಸಬೇಕು. ಒಂದು ಕಾಗದದಲ್ಲಿ ಊರು ಗುಲ್ಬರ್ಗ, ಇನ್ನೊಂದರಲ್ಲಿ ಕಲಬುರಗಿ. ತಂದೆಯ ಹೆಸರಿನಲ್ಲಿ ಒಂದು ಕಡೆ ಒತ್ತಕ್ಷರ ಹೆಚ್ಚು, ಇನ್ನೊಂದು ಕಡೆ ಕಡಿಮೆ. ನಾಳೆ ಬಾ. ಅಲ್ಲಿ ಕಾಮಿಕ್ಸಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡುತ್ತಾರೆ. ತೆರೆದು ಓದಿದರೆ ಅಂಕ ಹೋಯಿತು. ಇಲ್ಲಿ ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಿದರೆ, ಏಕೆ ಮಾಡಿಸಿದೆ ಎಂದು ಬೈಸಿಕೊಳ್ಳುತ್ತೇವೆ.

ಮೂಲವೆಂದರೆ ಎಲ್ಲವೂ ಬೂಟಾಟಿಕೆ ಎನ್ನಲಾರೆ. ಕೊಲರಾಡೊದ ಎಡ್ಗರ್ ಚರ್ಚ್ ಎಂಬ ಚಿತ್ರಕಾರ ಅಂಗಡಿಯಿಂದ ಹೊಸದಾಗಿ ಕೊಂಡ ಸಾವಿರಾರು ಕಾಮಿಕ್ಸುಗಳನ್ನು ಒಣಹವೆಯ ಆ ಊರಿನ ಮನೆಯಲ್ಲಿ ಒತ್ತಾಗಿ ಪೇರಿಸಿಟ್ಟಿದ್ದರು. 1977ರಲ್ಲಿ ಅವು ಹೊರಬಂದಾಗ ಸುದ್ದಿಕಾಗದದ ಹಾಳೆಗಳು ಇನ್ನೂ ಬೆಳ್ಳಗಿದ್ದವು. ಆ ಸಂಗ್ರಹದ ಪ್ರತಿಗೆ ಹೆಚ್ಚು ಕೊಟ್ಟರೆ ಅದು ಕಾಗದಕ್ಕೆ ಕೊಟ್ಟ ಬೆಲೆ. ಮೂಗು ಮುರಿಯಬೇಕಾದ್ದು ಬೇರೆ ಕಡೆ. ನೆಬ್ರಾಸ್ಕದ ಅಂಗಡಿಯೊಂದರಲ್ಲಿ ಖಾಯಂ ಗಿರಾಕಿ ಹುಡುಗನಿಗೆ ಎತ್ತಿಡಲೆಂದು ಪುಸ್ತಕದ ಮುಖಪುಟದ ಮೇಲೆ ಅವನ ಹೆಸರನ್ನು ಪೆನ್ಸಿಲಿನಲ್ಲಿ ಗೀಚುತ್ತಿದ್ದರಂತೆ. ಇಂದು ಆ ಗೀಚು ಇದ್ದರೆ ರೇಟು ಜಾಸ್ತಿ.

ಗೀಚಿಗೆ ಬೆಲೆ ಬರುವುದಾದರೆ ಕಲಬುರಗಿ ಜಿಲ್ಲೆ ಕುಬೇರನಾಗಬೇಕಿತ್ತು. ನಮ್ಮ ಮನೆಗಳ ಟ್ರಂಕುಗಳಲ್ಲಿರುವ ಅಮರ ಚಿತ್ರಕಥೆಗಳನ್ನು ನೋಡಿ: ಮುಖಪುಟದ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು, ತರಗತಿ, ವಿಭಾಗ, ಕೆಳಗೆ ‘ಕದ್ದವರ ಕೈ ಮುರಿಯಲಿ’, ಒಳಗೆ ದುರ್ಯೋಧನನ ಮೀಸೆಯ ಮೇಲೆ ಇನ್ನೊಂದು ಮೀಸೆ, ಪಿನ್ನಿನ ಸುತ್ತ ತುಕ್ಕಿನ ಕಲೆ. ಮೂಲ ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗಿರಬೇಕು? ರದ್ದಿಯವನು ಮಾತ್ರ ಹೆಸರು ಓದದೆ ತಕ್ಕಡಿಗೆ ಹಾಕುತ್ತಾನೆ. ಕಿಲೋ ಲೆಕ್ಕದಲ್ಲಿ ಕೇಜ್ ಸಾಹೇಬರೂ ಒಂದೇ, ಐದನೇ ತರಗತಿ ‘ಬ’ ವಿಭಾಗದ ಹುಡುಗನೂ ಒಂದೇ. ದೇಶದಲ್ಲಿ ಉಳಿದಿರುವ ಕೊನೆಯ ಸಮಾನತಾವಾದಿ ಅವನೇ ಇರಬೇಕು.

ಪಕ್ಕದ ಬೀದರಿನಲ್ಲಿ ಮೂಲಕ್ಕೆ ನಿಜವಾಗಿಯೂ ಅರ್ಥವಿದೆ. ಬಿದರಿ ಹೂಜಿಗೆ ಆ ಕಪ್ಪು ಬರುವುದು ಅಲ್ಲಿಯ ಕೋಟೆಯ ಮಣ್ಣಿನಿಂದ. ಹೂಜಿ ಕೊಳ್ಳುವಾಗ ಬೆಳ್ಳಿ ತಂತಿ ಕೂರಿಸಿದವನ ಹೆಸರು ಕೇಳಿ ನೋಡಿ, ಅಂಗಡಿಯವರು ಬಿಲ್ಲು ಮುಂದಿಡುತ್ತಾರೆ. ಮಣ್ಣಿಗೆ ಮೂಲವಿದೆ, ಬೆರಳುಗಳಿಗಿಲ್ಲ.

ಇಲ್ಲಿಗೆ ಬಂದ ಮೇಲೆ ನಗು ಬರುವುದಿಲ್ಲ. ಸೂಪರ್‌ಮ್ಯಾನ್ ಹುಟ್ಟಿದ್ದು ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರ ತಲೆಯಲ್ಲಿ. ಅವನ ಸಂಪೂರ್ಣ ಹಕ್ಕಿಗೆ 1938ರಲ್ಲಿ ಅವರಿಬ್ಬರಿಗೂ ಸೇರಿ ಸಿಕ್ಕದ್ದು 130 ಡಾಲರ್. ಕೋರ್ಟು ಅಲೆದರು, ಸೋತರು. ವಯಸ್ಸಾಗಿ, ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ 1975ರಲ್ಲಿ ಕಂಪನಿಯವರು ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟು ಕೈ ತೊಳೆದುಕೊಂಡರು. ಮೂಲ, ಮೂಲ ಎಂದು ಬಾಯಿ ಬಡಿದುಕೊಳ್ಳುವ ಈ ದಂಧೆಗೆ ಪುಸ್ತಕ ಯಾರ ಕಪಾಟಿನಲ್ಲಿತ್ತು ಎಂಬುದು ಬೇಕು, ಯಾರ ಕೈಯಿಂದ ಬಂತು ಎಂಬುದು ಬೇಡ. ಥೂ! ಇವರಿಬ್ಬರೂ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2012ರಲ್ಲಿ, ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕನ್ನೂ ಹರಾಜಿಗಿಟ್ಟರು. 1,60,000 ಡಾಲರಿಗೆ ಹೋಯಿತು. ಚೆಕ್ಕಿನಲ್ಲಿ ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು.