ಅಡ್ಡಿಲ್ಲ ಅಂದರೆ ಬರ್ತೀಯೋ, ಇಲ್ವೋ?

ಕಳೆದ ನವೆಂಬರಿನ ಒಂದು ಶನಿವಾರ. ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮುಗಿಸಿ, ಥರ್ಮಾಸಿಗೆ ಚಾ ತುಂಬಿಸಿ, ಶೂ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದೆ. ಆರಕ್ಕೆ ಕಾರು ಬರಬೇಕಿತ್ತು. ಬರಲಿಲ್ಲ. ಆರೂವರೆಗೆ ಫೋನ್ ಮಾಡಿದರೆ ಅವರೆಲ್ಲ ಆಗಲೇ ದುಬೈಯ ಹತ್ತಾ ರಸ್ತೆಯಲ್ಲಿ, ಮರಳುಗಾಡಿನ ದಾರಿ ಹಿಡಿದಿದ್ದಾರೆ.

"ಅಣ್ಣಾ, ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ. ನೀವು ಬರ್ತೇನೆ ಅಂತ ಹೇಳ್ಲೇ ಇಲ್ಲ."

"ಹೇಳಿದ್ದೆ ಮಾರಾಯಾ. ಬುಧವಾರವೇ ಬರೆದಿದ್ದೆ, ಅಡ್ಡಿಲ್ಲ ಅಂತ."

"ಅಡ್ಡಿಲ್ಲ ಅಂದ್ರೆ ಪರ್ವಾಗಿಲ್ಲ, ಬಿಡಿ ಅಂತ ಅಲ್ವಾ?"

ಅವನು ಕಾಸರಗೋಡಿನವನು, ನಾನು ಕುಮಟೆಯವನು. ಇಬ್ಬರಿಗೂ ಕನ್ನಡ ಬರುತ್ತದೆ ಅಂತಲೇ ನಮ್ಮ ದೋಸ್ತಿ ಶುರುವಾದದ್ದು. ಆ ಒಂದು ಶಬ್ದದ ದೆಸೆಯಿಂದ ಥರ್ಮಾಸಿನ ಚಾ ಪೂರ್ತಿ ನಾನೊಬ್ಬನೇ ಕುಡಿದೆ. ಸಿಟ್ಟು ಬಂತು. ಮಧ್ಯಾಹ್ನ ದಿಬ್ಬದ ತುದಿಯಲ್ಲಿ ನಿಂತು ಹಲ್ಲು ಕಿಸಿದ ಫೋಟೋಗಳು ಬಂದ ಮೇಲೆ ಇನ್ನೂ ಜಾಸ್ತಿ ಬಂತು.

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಬಾ ಅಂದರೆ ಅಡ್ಡಿಲ್ಲ. ಹೊಸ ಸೊಸೆ ಹೇಗೆ ಅಂದರೆ ಅಡ್ಡಿಲ್ಲ. ಸಾಲ ಕೊಡ್ತೀಯಾ ಅಂದರೂ ಅಡ್ಡಿಲ್ಲ, ನೋಡುವಾ. ಘಟ್ಟ ಹತ್ತಿ ಶಿರಸಿಗೆ ಹೋದರೆ ಅದೇ ಅಡ್ಡಿಲ್ಲೆ ಆಗುತ್ತದೆ, ಕೈಗೆ ಮಾತ್ರ ಅಷ್ಟೇ ಸಿಗುವುದಿಲ್ಲ. ಹೌದೋ ಅಲ್ಲವೋ ಅನ್ನುವುದನ್ನು ಹೇಳುವವನ ಮುಖ ನೋಡಿ ತಿಳಿದುಕೊಳ್ಳಬೇಕು. ವಾಟ್ಸಾಪಿನಲ್ಲಿ ಮುಖ ಕಾಣುವುದಿಲ್ಲ, ಅದೇ ತೊಂದರೆ.

ನಾನು ಹನ್ನೊಂದು ವರ್ಷದಿಂದ ಶಾರ್ಜಾದಲ್ಲಿದ್ದೇನೆ. ಇಲ್ಲಿ ಹೊರಗೆ ತಿರುಗಾಡುವ ಹವೆ ಇರುವುದು ಅಕ್ಟೋಬರಿನಿಂದ ಏಪ್ರಿಲ್ ತನಕ. ಆಮೇಲೆ ಬಿಸಿಲು 45 ಡಿಗ್ರಿ ದಾಟುತ್ತದೆ, ಮರಳುಗಾಡಿನ ಹೆಸರೆತ್ತುವವರಿಲ್ಲ. ಹಾಗಾಗಿ ಆ ಕೆಲವೇ ತಿಂಗಳಲ್ಲಿ ನಾವು ಏಳೆಂಟು ಜನ, ತಿಂಗಳಿಗೊಮ್ಮೆಯಾದರೂ, ಅಲ್ ಬದಾಯರ್ ಕಡೆ ಹೋಗುತ್ತೇವೆ. ದುಬೈಯಿಂದ ಹತ್ತಾಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಬಿಗ್ ರೆಡ್ ಅಂತ ಒಂದು ಕೆಂಪು ದಿಬ್ಬ ಇದೆ, ಸುಮಾರು 100 ಮೀಟರ್ ಎತ್ತರ. ನಮ್ಮ ಉಂಚಳ್ಳಿ ಜಲಪಾತ 116 ಮೀಟರ್. ಅದಕ್ಕಿಂತ ಸ್ವಲ್ಪ ಕಮ್ಮಿ ಎತ್ತರಕ್ಕೆ ಬರೀ ಹೊಯ್ಗೆ ಸುರಿದು ಇಟ್ಟರೆ ಹೇಗಿರಬಹುದು ನೋಡಿ. ಅದರ ಸುತ್ತಮುತ್ತ ಡ್ಯೂನ್ ಬಗ್ಗಿ ಬಾಡಿಗೆಗೆ ಸಿಗುತ್ತದೆ. ಸುತ್ತ ಕಬ್ಬಿಣದ ಪಂಜರ, ಕೆಳಗೆ ದಪ್ಪ ಟೈರು, ಒಳಗೆ ನಾಲ್ಕು ಸೀಟು, ಹಿಂದೆ ಉದ್ದ ಕೋಲಿಗೆ ಕಟ್ಟಿದ ಬಾವುಟ. ಇಂಜಿನ್ ಶಬ್ದಕ್ಕೆ ಪಕ್ಕದವನು ಬೈದದ್ದೂ ಕೇಳುವುದಿಲ್ಲ.

ಆ ಬಾವುಟ ಅಂದಕ್ಕಲ್ಲ. ಮರಳ ದಿಬ್ಬ ಗಾಳಿ ಬರುವ ಕಡೆ ನುಣ್ಣಗೆ ಏರಿರುತ್ತದೆ, ಆಚೆ ಕಡೆ ಇದ್ದಕ್ಕಿದ್ದಂತೆ ಕಡಿದು ಇಳಿಯುತ್ತದೆ. ಏರುವವನಿಗೆ ಆಚೆ ಏನಿದೆ, ಯಾರಿದ್ದಾರೆ, ಒಂದೂ ಕಾಣುವುದಿಲ್ಲ. ಎದುರಿನಿಂದ ಬರುವವನ ಬಾವುಟದ ತುದಿ ಮೊದಲು ಕಂಡರೆ ಜೀವ ಉಳಿಯಿತು ಅಂತ ಲೆಕ್ಕ. ಇಳಿಯುವಾಗ ನೆಟ್ಟಗೆ ಇಳಿಯಬೇಕು, ಅಡ್ಡಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ. ಹೂತುಕೊಂಡರೆ ಚಕ್ರ ಗಿರಗಿರ ತಿರುಗಿಸಬಾರದು, ಇನ್ನಷ್ಟು ಆಳಕ್ಕೆ ಹೋಗುತ್ತದೆ. ಜೊತೆಗೆ ತರುವ ನಮ್ಮ ಫೋರ್ ವೀಲ್ ಡ್ರೈವ್ ಗಾಡಿಗಳ ಟೈರಿನಲ್ಲಿ ರಸ್ತೆ ಬಿಡುವ ಮೊದಲು ಗಾಳಿ ಇಳಿಸಬೇಕು, 35ರಿಂದ 15 ಪಿಎಸ್ಐಗೆ. ಬೆಳಿಗ್ಗೆ ಬೇಗ ಹೋಗುವುದಕ್ಕೂ ಕಾರಣ ಇದೆ. ರಾತ್ರಿಯ ತಂಪಿಗೆ ಮರಳು ಸ್ವಲ್ಪ ಗಟ್ಟಿಯಾಗಿರುತ್ತದೆ, ಹೊತ್ತು ಏರಿದ ಹಾಗೆ ಸಡಿಲವಾಗುತ್ತದೆ. ನಡು ಮಧ್ಯಾಹ್ನ ನೆರಳೇ ಇಲ್ಲದೆ ದಿಬ್ಬದ ಅಂಚು ಎಲ್ಲಿ ಅಂತಲೂ ಗೊತ್ತಾಗುವುದಿಲ್ಲ. ಮತ್ತೆ, ಒಂಟಿ ಗಾಡಿಯಲ್ಲಿ ಹೋಗುವ ಹಾಗೇ ಇಲ್ಲ, ಎರಡಾದರೂ ಬೇಕು.

ಇಷ್ಟೆಲ್ಲ ಇರುವುದರಿಂದ ಬುಧವಾರ ರಾತ್ರಿ ಒಂಬತ್ತಕ್ಕೆ ಕಾಸರಗೋಡಿನವನ ಒಂದು ಮೆಸೇಜು ಬರುತ್ತದೆ. ಯಾವ ಬಗ್ಗಿಯಲ್ಲಿ ಯಾರು, ಯಾರು ಓಡಿಸುವುದು, ಯಾರ ಹತ್ತಿರ ಸಲಿಕೆ, ಯಾರ ಹತ್ತಿರ ಹಗ್ಗ, ತಲೆಗೆ ಎಷ್ಟು ಲೀಟರ್ ನೀರು, ಯಾರಿಗೆ ವಾಂತಿ ಆಗುತ್ತದೆ. ಕೆಳಗೆ ಎರಡೇ ಉತ್ತರಕ್ಕೆ ಜಾಗ. ಯೆಸ್, ಇಲ್ಲಾ ನೋ. ಒಬ್ಬ ಕೈ ಕೊಟ್ಟರೆ ಬಾಡಿಗೆ ಉಳಿದ ಮೂವರ ತಲೆಗೆ ಬೀಳುತ್ತದೆ, ಆ ಬಾಡಿಗೆ ಕಮ್ಮಿಯೂ ಅಲ್ಲ. ಆದರೆ ನನಗೆ ಹಿಡಿಸಿದ್ದು ಇನ್ನೊಂದು. ನೋ ಅಂದವನನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ. ಹೆಂಡತಿ ಬೈದಳಾ, ದುಡ್ಡಿಲ್ಲವಾ, ಸುಮ್ನೆ ಮನಸ್ಸಿಲ್ಲವಾ, ಕೇಳುವುದೇ ಇಲ್ಲ. ಮುಂದಿನ ತಿಂಗಳು ಅವನ ಹೆಸರು ಮತ್ತೆ ಬರುತ್ತದೆ, ಏನೂ ಆಗಿಲ್ಲದ ಹಾಗೆ. ಶುರುವಿನಲ್ಲಿ ನನಗೆ ಇದು ಒರಟು ಅನ್ನಿಸಿತ್ತು. ಈಗ ನೋ ಅನ್ನುವುದರಷ್ಟು ಸುಖ ಬೇರೆ ಇಲ್ಲ.

ಈ ಸುಖ ಹೊತ್ತುಕೊಂಡು ಡಿಸೆಂಬರಿನಲ್ಲಿ ಊರಿಗೆ ಹೋದೆ.

ಹದಿನೈದು ದಿನದ ರಜೆ. ಕಾಲೇಜಿನ ಮೂವರು ದೋಸ್ತರು ಇನ್ನೂ ಜಿಲ್ಲೆಯಲ್ಲೇ ಇದ್ದಾರೆ. ಒಬ್ಬ ಶಿರಸಿಯಲ್ಲಿ, ತೋಟದವನು. ಒಬ್ಬ ಅಂಕೋಲೆಯಲ್ಲಿ, ಅಣ್ಣನ ಜೊತೆ ದೋಣಿ ವ್ಯವಹಾರ. ಇನ್ನೊಬ್ಬ ಕಾರವಾರದಲ್ಲಿ ಗುತ್ತಿಗೆ ಕೆಲಸ ಹಿಡಿಯುತ್ತಾನೆ. ಶಿರಸಿಯವನ ಹತ್ತಿರ ಒಂದು ಹಳೇ ಜೀಪು ಇದೆ. ಯಾಣದ ಆಚೆ ಅವನ ಮಾವನ ಮನೆ, ಅಲ್ಲಿಗೆ ಹೋಗುವ ಮಣ್ಣಿನ ದಾರಿಯಲ್ಲಿ ಜೀಪಿನಲ್ಲಿ ಕುಣಿಯುತ್ತಾ ಹೋಗಿ, ಉಂಡು, ಹೊಳೆಯಲ್ಲಿ ಬಿದ್ದು ಬರುವುದು, ಇಷ್ಟೇ ಪ್ಲ್ಯಾನು. ಬಗ್ಗಿ ಇಲ್ಲದಿದ್ದರೇನಂತೆ. ನಾನು ಇಲ್ಲಿಯ ಠೀವಿಯಲ್ಲೇ ಗ್ರೂಪಿಗೆ ಬರೆದೆ: ಭಾನುವಾರ, ಬೆಳಿಗ್ಗೆ ಏಳಕ್ಕೆ, ಯಾರು ಬರ್ತೀರಿ, ಯಾರು ಬರುವುದಿಲ್ಲ.

ಶಿರಸಿಯಿಂದ ಉತ್ತರ: "ಅಡ್ಡಿಲ್ಲೆ, ನೋಡನ." ಅಂಕೋಲೆಯವನು ಹೆಬ್ಬೆಟ್ಟು ಒತ್ತಿದ. ಕಾರವಾರದವನು ಕೊಂಕಣಿಯಲ್ಲಿ ಏನೋ ಹೇಳಿ, ನಕ್ಕು, ಆಚೆ ಹೋದ.

ಆಮೇಲೆ ಮೂರು ದಿನ ಚರ್ಚೆ. ಚರ್ಚೆ ಬರುವ ಬಗ್ಗೆ ಅಲ್ಲ, ದಾರಿಯ ಬಗ್ಗೆ. ದೇವಿಮನೆ ಘಟ್ಟದಲ್ಲಿ ಹೋಗುವುದಾ, ಅರೆಬೈಲಿನಲ್ಲಿ ಸುತ್ತಿ ಬರುವುದಾ. ಆಮೇಲೆ ಊಟದ ಬಗ್ಗೆ. ಕರಾವಳಿಯ ಇಬ್ಬರಿಗೆ ಮೀನಿಲ್ಲದೆ ತಿರುಗಾಟ ಯಾಕೆ ಅಂತ, ಮಾವನ ಮನೆಯಲ್ಲಿ ಅಪ್ಪೆಹುಳಿ ಬಿಟ್ಟು ಇನ್ನೇನೂ ಸಿಗುವುದಿಲ್ಲ ಅಂತ ಶಿರಸಿಯವನು. ಮೂರನೇ ದಿನ ಕಾರವಾರದವನು ಹೊಸದೊಂದು ತೆಗೆದ: ಇಷ್ಟು ದೂರ ಯಾಕೆ, ಒಂದು ಬಗ್ಗಿ ತಂದು ಇಲ್ಲೇ ದೇವಬಾಗದ ಕಡಲತಡಿಯಲ್ಲಿ ಬಾಡಿಗೆಗೆ ಬಿಟ್ಟರೆ ಹೇಗೆ, ಹೊಯ್ಗೆಗೇನು ಬರ? ಇದಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಹೌದು ಹೌದು ಅಂದರು. ನಾನು ಬೇಡ ಅಂದೆ. ಇಲ್ಲಿಯ ಮರಳುಗಾಡು ಬೇರೆ, ನಮ್ಮ ಕಡಲತಡಿ ಬೇರೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೇಲೆ ಬಂದು ಮೊಟ್ಟೆ ಹೂತು ಹೋಗುವುದು ಅದೇ ಹೊಯ್ಗೆಯಲ್ಲಿ, ರಂಪಣಿ ಬಲೆ ಎಳೆಯುವುದು ಅಲ್ಲೇ, ಮೀನು ಒಣಗಿಸುವುದು ಅಲ್ಲೇ. ಯಾರದೋ ಬಾಣಂತಿ ಕೋಣೆ, ಇನ್ಯಾರದೋ ಅಂಗಳ. ಅಲ್ಲಿ ಬಗ್ಗಿ ಓಡಿಸುವ ವಿಚಾರ ಬಂದರೆ ನಾನೇ ಮೊದಲು ಕಲ್ಲು ಹೊಡೆಯುತ್ತೇನೆ. ಹಾಗಂತ ಬರೆದೆ ಕೂಡ. ಗ್ರೂಪು ಒಂದು ದಿನ ತಣ್ಣಗಾಯಿತು.

ಭಾನುವಾರ ಬಂತು, ಹೋಯಿತು. ಅಂಗಳದಲ್ಲಿ ಕೂತು ಗೇಟು ನೋಡುತ್ತಿದ್ದೆ. ಆಯಿ ಎರಡು ಸಲ ಹೊರಗೆ ಬಂದು, ನನ್ನ ಮುಖ ನೋಡಿ, ಮಾತಾಡದೆ ಒಳಗೆ ಹೋದಳು. ಗಲ್ಫಿನಿಂದ ಬಂದವನಿಗೆ ದಿನ ಎಣಿಸಿ ಕೊಟ್ಟಿರುತ್ತಾರೆ. ಬ್ಯಾಂಕಿಗೊಂದು, ಹಲ್ಲಿನ ಡಾಕ್ಟರಿಗೊಂದು, ಅತ್ತೆ ಮನೆಗೆ ಮೂರು, ದೇವಸ್ಥಾನಗಳಿಗೆ ಎರಡು. ಉಳಿದದ್ದರಲ್ಲಿ ನಾಲ್ಕು ದಿನ ಅಡ್ಡಿಲ್ಲೆ ತಿಂದು ಹಾಕಿತು. ನಮ್ಮ ಊರಿನಲ್ಲಿ ಪ್ಲ್ಯಾನ್ ಮಾಡುವುದು ಅಂದರೆ ಪ್ಲ್ಯಾನಿನ ಬಗ್ಗೆ ಮಾತಾಡುವುದು, ಮಾತಾಡಿ ಸುಸ್ತಾದ ಮೇಲೆ ಹೋಗಿ ಬಂದಷ್ಟೇ ಸಮಾಧಾನ ಪಡುವುದು. ಬರುವುದಿಲ್ಲ ಅನ್ನುವ ಒಂದು ಮಾತಿಗೆ ಇಷ್ಟು ಹೆದರಿಕೆ ಯಾಕೆ? ನಾನೇನು ತಿಂದುಬಿಡ್ತೇನಾ? ಮದುವೆಯ ಕರೆಯಕ್ಕೂ ಹಾಗೇ, ಸಾಲ ತೀರಿಸುವುದಕ್ಕೂ ಹಾಗೇ, ರಿಪೇರಿಗೆ ಕೊಟ್ಟ ಪಂಪ್‌ಸೆಟ್ಟಿಗೂ ಹಾಗೇ. ಆ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಗೇಟಿನ ಹೊರಗೆ ಹಾರನ್ನು. ಶಿರಸಿಯವನು, ಜೀಪಿನ ಜೊತೆ, ಒಬ್ಬನೇ.

"ಈಗ ಹೋಪನ ಬಾ."

ಹೇಳಿಲ್ಲ, ಕೇಳಿಲ್ಲ. ನಾನು ಲುಂಗಿಯಲ್ಲಿದ್ದೆ. ಆಯಿ ಕಟ್ಟಿಕೊಟ್ಟ ಅವಲಕ್ಕಿ ಹಿಡಿದು ಹತ್ತಿದೆ. ಇನ್ನಿಬ್ಬರು ಎಲ್ಲಿ ಅಂದರೆ ಕೈ ಆಡಿಸಿದ. ಯಾಣದ ಕ್ರಾಸಿನ ಹತ್ತಿರ ಅವನ ಫೋನು ಹೊಡೆದುಕೊಂಡಿತು. ಎರಡು ಮಾತು ಕೇಳಿ ಜೀಪು ಬದಿಗೆ ನಿಲ್ಲಿಸಿದ. "ಕೊನೆಗೌಡ ಬೈಂದ್ನಡೋ. ವಾಪಸ್ ಹೋಗವು." ಅಡಿಕೆ ಕೊನೆ ಕೊಯ್ಯುವವನು ಬಂದಿದ್ದಾನಂತೆ.

ಹೋದೆವು. ಮಧ್ಯಾಹ್ನದಿಂದ ಸಂಜೆ ತನಕ ನಾನು ಅವನ ತೋಟದಲ್ಲಿದ್ದೆ. ಕೊನೆಗೌಡ ಮೇಲೆ, ಮರದಿಂದ ಮರಕ್ಕೆ ಬಳುಕಿ ದಾಟುತ್ತಾ, ಕೊನೆ ಕೊಯ್ದು ಹಗ್ಗದ ಮೇಲೆ ಬಿಡುತ್ತಿದ್ದ. ಕೆಳಗೆ ಹಗ್ಗದ ತುದಿ ಹಿಡಿಯುವವನು ಆ ದಿನ ಬಂದಿರಲಿಲ್ಲ, ಆ ಕೆಲಸ ನನ್ನ ಕೊರಳಿಗೆ ಬಿತ್ತು. ಅಂಗೈ ಸುಲಿದು ಹೋಯಿತು. ಅವನು ಹೂಂ ಅಂದ ಕೂಡಲೇ ಹಗ್ಗ ಬಿಗಿ ಇರಬೇಕು, ಅರೆಗಳಿಗೆ ತಡವಾದರೆ ಕೊನೆ ನೆಲಕ್ಕೆ ಅಪ್ಪಳಿಸಿ ಅಡಿಕೆ ಚೆಲ್ಲಾಪಿಲ್ಲಿ. ಅಲ್ಲಿ ಯಾರೂ ಅಡ್ಡಿಲ್ಲೆ, ನೋಡನ ಅನ್ನಲಿಲ್ಲ. ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಊರಿನ ಹತ್ತು ಹನ್ನೆರಡು ಜನ ಸುಲಿಯಲು ಕೂತರು, ಹೇಳಿದ ಹೊತ್ತಿಗೆ ಸರಿಯಾಗಿ. ಹನ್ನೊಂದರ ತನಕ ಮಾತು, ಕಷಾಯ, ಅಡಿಕೆಯ ರೇಟು.

ಅಲ್ಲಿ ಕೂತಾಗಲೇ ನನಗೆ ಸ್ವಲ್ಪ ಇಕ್ಕಟ್ಟಾದದ್ದು. ಇವನ ದಿನ ಇವನದ್ದಲ್ಲ. ಹತ್ತಾರು ತೋಟಕ್ಕೆ ಒಬ್ಬ ಕೊನೆಗೌಡ, ಅವನು ಬಂದ ದಿನವೇ ಕೊಯ್ಲು. ಕೆಂಪಡಿಕೆ ಆಗಬೇಕಾದರೆ ಕಾಯಿ ಹಣ್ಣಾಗುವ ಮೊದಲೇ ಇಳಿಸಬೇಕು, ಕಾಯುವ ಹಾಗಿಲ್ಲ. ಅಂಕೋಲೆಯವನ ದಿನ ಗಾಳಿಯ ಕೈಯಲ್ಲಿ. ಕಾರವಾರದವನಿಗೂ ಹಾಗೇ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಕಟ್ಟಾಯಿತು, ಮುಂದಿನ ತಿಂಗಳು 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಕುಸಿಯಿತು. ಅಂಥ ದಾರಿಯಲ್ಲಿ ದುಡಿಯುವವನು ಭಾನುವಾರ ಏಳು ಗಂಟೆಗೆ ಅಂತ ಆಣೆ ಮಾಡುವುದು ಹೇಗೆ? ನಮ್ಮ ಶನಿವಾರ ಕಂಪನಿ ಕೊಟ್ಟದ್ದು. 2022ರ ಜನವರಿಯಿಂದ ಯುಎಇ ಸರ್ಕಾರ ವಾರದ ರಜೆಯನ್ನು ಶನಿವಾರ ಭಾನುವಾರಕ್ಕೆ ಬದಲಾಯಿಸಿತು, ಅಂದಿನಿಂದ ನಮ್ಮ ಬಗ್ಗಿಯೂ ಶನಿವಾರಕ್ಕೆ ಬಂತು. ಆ ಒಂದು ದಿನ ಬಿಟ್ಟರೆ ಕೊಯ್ಯುವುದಕ್ಕೆ ನಮ್ಮ ಹತ್ತಿರ ಬೇರೇನೂ ಇಲ್ಲ. ಅದಕ್ಕೇ ಅದನ್ನು ಕೊನೆಕೊಯ್ಲಿನ ಹಾಗೆ ಬಿಗಿಯಾಗಿ ಹಿಡಿಯುತ್ತೇವೋ ಏನೋ.

ಆದರೂ ಒಂದು ಮಾತು. "ಕೊನೆ ಶುರುವಾಗಿದೆ, ಈ ಸಲ ಆಗುವುದಿಲ್ಲ" ಅಂತ ಮೊದಲ ದಿನವೇ ಬರೆಯಬಹುದಿತ್ತು. ಐದು ಶಬ್ದ. ಅದನ್ನು ಅವನಿಗೆ ಹೇಳಿದೆ ಕೂಡ, ಅಡಿಕೆ ಸುಲಿಯುತ್ತಲೇ. ಅವನು ತಲೆ ಎತ್ತದೆ ಹೇಳಿದ: "ವರ್ಷಕ್ಕೊಂದು ಸಲ ಬರ್ತೆ. ನಿಂಗೆ ಆಗ್ತಿಲ್ಲೆ ಹೇಳದು ಹೆಂಗೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಸರಗೋಡಿನವನ ಹತ್ತಿರ ಇರುತ್ತಿತ್ತೇನೋ.

ಈಗ ಶಿರಸಿಯವನು ದುಬೈಗೆ ಬರುತ್ತಾನಂತೆ, ಇಲ್ಲಿರುವ ತಂಗಿಯ ಮನೆಗೆ, ಸುಗ್ಗಿ ಮುಗಿದ ಮೇಲೆ. ಹೊಯ್ಗೆ ಮೇಲೆ ಒಂದು ಸುತ್ತು ಹಾಕಿಸಬೇಕು ಅಂತ ಅವನೇ ಕೇಳಿದ. ತಾರೀಖು ಹೇಳು, ಬಗ್ಗಿ ಬುಕ್ ಮಾಡಬೇಕು, ಮುಂಗಡ ಕೊಡಬೇಕು ಅಂದೆ. ಏನು ಬರೆದ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ. ಮಾರ್ಚ್ ಎರಡನೇ ಶನಿವಾರದ ಲಿಸ್ಟು ಈ ಸಲ ನಾನೇ ಮಾಡುತ್ತಿದ್ದೇನೆ. ಎರಡನೇ ಬಗ್ಗಿಯಲ್ಲಿ ಮೂರು ಹೆಸರು ಬರೆದಿದ್ದೇನೆ. ನಾಲ್ಕನೇ ಸೀಟು ಖಾಲಿ ಇಟ್ಟಿದ್ದೇನೆ, ಬುಧವಾರ ರಾತ್ರಿ ಒಂಬತ್ತರ ತನಕ.